ಕೊಡಲಿಯ ಕಾವು

ಮೈಸೂರು ನಗರವನ್ನು ಬಿಟ್ಟು ಪಡುವಣ ದಿಕ್ಕಿಗೆ ಹೊರಟ ಪ್ರಯಾಣಿಕನಿಗೆ ಇಲವಾಲ, ಬಿಳಿಕೆರೆಗಳನ್ನು ದಾಟಿದೊಡನೆ ಸೀಮೆಯ ಚಹರೆ ಬದಲಾಗುವುದು ಕಾಣುತ್ತದೆ. ನೆಲ ಕೆಂಪಾಗುತ್ತದೆ, ಹೊಲಗಳ ನಡುವೆ ಕಿಟಕಿಯಿಲ್ಲದ ಎತ್ತರದ ಗೋಡೆಗಳ ಮನೆಗಳು ಒಂದೊಂದಾಗಿ ಏಳುತ್ತವೆ. ಇವು ಮನುಷ್ಯರ ವಾಸಕ್ಕಾಗಿ ಕಟ್ಟಿದವಲ್ಲ. ತಂಬಾಕಿನ ಎಲೆಯನ್ನು ಶಾಖದಲ್ಲಿ ಹದಮಾಡುವ ಬ್ಯಾರನ್ನುಗಳು. ಇನ್ನೂ ಸ್ವಲ್ಪ ದೂರ ಸಾಗಿದರೆ ಲಕ್ಷ್ಮಣತೀರ್ಥ ನದಿ, ಅದರ ದಡದಲ್ಲಿ ಹುಣಸೂರು. ಅಲ್ಲಿಂದ ದಾರಿ ಪಿರಿಯಾಪಟ್ಟಣದ ಮೂಲಕ ಕೊಡಗಿಗೆ ಹೋಗುತ್ತದೆ. ಬಡಗಣಕ್ಕೆ ತಿರುಗಿದರೆ ಕಾವೇರಿಯ ತಡಿಯ ಕೃಷ್ಣರಾಜನಗರ. ತೆಂಕಣಕ್ಕೆ ತಿರುಗಿದರೆ ಕಪಿಲೆಯ ಸೀಮೆಯಾದ ಹೆಗ್ಗಡದೇವನಕೋಟೆ. ಈಚಿನ ವರ್ಷಗಳಲ್ಲಿ ಸರಗೂರು, ಸಾಲಿಗ್ರಾಮಗಳು ಬೇರೆ ತಾಲ್ಲೂಕುಗಳಾದರೂ ಹಳಬರ ಮಾತಿನಲ್ಲಿ ಇದು ಇಂದಿಗೂ ನಾಲ್ಕು ತಾಲ್ಲೂಕುಗಳ ಸೀಮೆಯೇ. ಮೂರು ನದಿಗಳು, ಒಂದು ಮಹಾರಣ್ಯ, ನಾಲ್ಕು ಹಳೆಯ ಕೋಟೆಯೂರುಗಳು ಅಥವಾ ಪೇಟೆಗಳು: ಒಂದು ವಾರದ ಪ್ರವಾಸಕ್ಕೆ ಇಷ್ಟು ಧಾರಾಳವಾಯಿತು.

ಆದರೆ ಈ ಸೀಮೆಯಲ್ಲಿ ಮರ ಕಡಿಯುವವರ ನಡುವೆ, ಕಾಡಿನ ಕಾವಲಿನವರ ನಡುವೆ ಒಂದು ಗಾದೆ ಹೇಗೆ ಸಹಜವಾಗಿ ನಾಲಗೆಗೆ ಬರುತ್ತದೆಂಬುದನ್ನು ಗಮನಿಸಿದವನಿಗೆ ಪ್ರವಾಸದ ಬಗೆಯೇ ಬೇರೆಯಾಗುತ್ತದೆ. 'ಕೊಡಲಿ ಕಾವು ಕುಲಕ್ಕೆ ಮೃತ್ಯು' ಎಂಬುದೇ ಆ ಗಾದೆ. ಕಬ್ಬಿಣದ ಅಲಗು ಒಂಟಿಯಾಗಿದ್ದರೆ ಕಾಡಿಗೆ ಏನೂ ಮಾಡಲಾರದು. ಕಾಡಿನದೇ ಆದ ಒಂದು ಮರದ ತುಂಡು ಅದಕ್ಕೆ ಕಾವಾಗಿ ಸೇರಿದಾಗಲೇ ಅದು ಕೊಡಲಿ. ಮನುಷ್ಯರ ಗುಂಪುಗಳ ಕತೆಯೂ ಇದೇ. ಹೊರಗಿನವನಿಗೆ ಒಡೆಯಲಾರದ ಗುಂಪು ಒಳಗಿನವನೊಬ್ಬನ ಮಾತಿನಿಂದ ಒಡೆಯುತ್ತದೆ. ಕಳ್ಳರ ಕೂಟವಾಗಲಿ, ಕೊಲೆಗಡುಕರ ತಂಡವಾಗಲಿ, ಕಾಡುಗಳ್ಳರ ಪಾಳೆಯವಾಗಲಿ, ಕೊನೆಗೆ ಅವುಗಳ ಗುಟ್ಟು ರಟ್ಟಾದದ್ದು ಬಾತ್ಮೀದಾರನಿಂದ ಇಲ್ಲವೆ ಮಾಫಿಸಾಕ್ಷಿಯಿಂದ. ಇಂಥವನನ್ನು ಸಮಾಜ ಬಳಸಿಕೊಳ್ಳುತ್ತದೆ. ಬಳಸಿಕೊಂಡ ಮೇಲೆ ಅವನನ್ನು ಏನೆಂದು ಕರೆಯುತ್ತದೆ, ಅವನಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಿದರೆ ಇತಿಹಾಸದ ಅನೇಕ ಪುಟಗಳು ತಾವಾಗಿ ತೆರೆದುಕೊಳ್ಳುತ್ತವೆ.

ಗುಡ್ಡದ ಮೇಲಿನ ಕಣ್ಣುಗಳು

ಪಿರಿಯಾಪಟ್ಟಣದಿಂದ ಕೊಡಗಿನ ಗಡಿಯ ಕಡೆಗೆ ಸಾಗಿದರೆ ಸಿದ್ಧೇಶ್ವರದ ಗುಡ್ಡವಿದೆ. ಆಂಗ್ಲರ ದಾಖಲೆಗಳಲ್ಲಿ 'ಸೀದಾಸೀರ್' ಎಂದು ವಿಕಾರಗೊಂಡಿರುವ ಹೆಸರು ಇದರದೇ. ೧೭೯೯ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಬೊಂಬಾಯಿಯ ಸೈನ್ಯ ಜನರಲ್ ಸ್ಟುಅರ್ಟನ ನಾಯಕತ್ವದಲ್ಲಿ ಕೊಡಗಿನ ಮಾರ್ಗವಾಗಿ ಬಂದು ಈ ಗಡಿಯಲ್ಲಿ ನಿಂತಿತ್ತು. ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಆ ಪಕ್ಷದಲ್ಲಿದ್ದನು. ಗುಡ್ಡದ ತುದಿಯಲ್ಲಿ ಕಾವಲಿದ್ದವರಿಗೆ ಮಾರ್ಚ್ ೫ರಂದು ಪಿರಿಯಾಪಟ್ಟಣದ ಬಯಲಿನಲ್ಲಿ ಡೇರೆಗಳು ಏಳುವುದು ಕಾಣಿಸಿತು. ಅವುಗಳ ನಡುವೆ ಹಸುರು ಬಣ್ಣದ ದೊಡ್ಡ ಡೇರೆಯೊಂದು. ಟಿಪ್ಪು ಸುಲ್ತಾನನೇ ಸ್ವತಃ ಬಂದಿರಬೇಕೆಂದು ಅವರು ಊಹಿಸಿದರು. ಮರುದಿನ ನಡೆದ ಕಾಳಗದಲ್ಲಿ ಸುಲ್ತಾನನ ಸೈನ್ಯ ಹಿಂದೆಗೆಯಿತು. ಎರಡು ತಿಂಗಳೊಳಗೆ, ಮೇ ೪ರಂದು, ಶ್ರೀರಂಗಪಟ್ಟಣ ಬಿದ್ದಿತು.

ಆ ಪತನದೊಡನೆ ಮೀರ್ ಸಾದಕನ ಹೆಸರು ಜನರ ನಾಲಗೆಯ ಮೇಲೆ ದ್ರೋಹಕ್ಕೆ ಪರ್ಯಾಯಪದವಾಗಿ ಉಳಿಯಿತು. ಆದರೆ ಗುಡ್ಡದ ಮೇಲೆ ಕುಳಿತು ಡೇರೆಯ ಬಣ್ಣವನ್ನು ಕಂಡವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಶತ್ರುವಿನ ಬೀಡನ್ನು ದೂರದಿಂದ ನೋಡಿ ಸುದ್ದಿ ತಂದವನು ಗೂಢಚಾರ. ಅನ್ನ ಉಂಡ ಮನೆಯ ಸುದ್ದಿಯನ್ನು ಹೊರಗೆ ಒಯ್ದವನು ಮನೆಮುರುಕ. ಕನ್ನಡದ ಮಾತುಗಳೇ ಈ ಅಂತರವನ್ನು ಚೆನ್ನಾಗಿ ಬಲ್ಲವು. ತೊಡಕು ಬರುವುದು ಒಂದೇ ಕಡೆ: ಅನ್ನ ಉಂಡ ಮನೆಯೇ ಕೊಲೆಗಾರರ ಮನೆಯಾಗಿದ್ದರೆ? ಆಗ ಬಾಯಿ ಬಿಡುವುದು ದ್ರೋಹವೋ, ಧರ್ಮವೋ?

ತಂತಿ ಕಳ್ಳರು

ಈ ಪ್ರಶ್ನೆಯನ್ನು ಮೈಸೂರು ಸೀಮೆ ಶ್ರೀರಂಗಪಟ್ಟಣದ ಪತನದ ಕಾಲದಲ್ಲೇ ಎದುರಿಸಿತು. ೧೭೯೯ರ ಯುದ್ಧದ ಬಳಿಕ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ದಾರಿಗಳ್ಳರು ಸೆರೆಯಾದರು. ಅವರು ಸಾಮಾನ್ಯ ದರೋಡೆಕಾರರಲ್ಲ, ದಾರಿಹೋಕರ ಕೊರಳಿಗೆ ಉರುಲು ಬಿಗಿದು ಕೊಲ್ಲುವುದನ್ನೇ ಕಸುಬು ಮಾಡಿಕೊಂಡ ವ್ಯವಸ್ಥಿತ ತಂಡವೆಂಬುದು ಆಗ ಹಿಡಿದವರಿಗೆ ಹೊಳೆಯಲಿಲ್ಲ. ೧೮೦೭ರಲ್ಲಿ ಚಿತ್ತೂರು ಮತ್ತು ಆರ್ಕಾಟಿನ ನಡುವೆ ಇಂಥದೇ ಇನ್ನೊಂದು ತಂಡದವರು ಸಿಕ್ಕಿಬಿದ್ದ ಮೇಲೆಯೇ ಅದರ ಒಳಗುಟ್ಟು ಹೊರಬೀಳತೊಡಗಿತು. ಮದರಾಸಿನಲ್ಲಿದ್ದ ರಿಚರ್ಡ್ ಷೆರ್ವುಡ್ ಎಂಬ ವೈದ್ಯನು ೧೮೧೬ರಲ್ಲಿ ಇವರನ್ನು ಕುರಿತು ಒಂದು ಪ್ರಬಂಧ ಬರೆದನು. ಉತ್ತರದವರು 'ಠಕ್ಕ'ರೆಂದು, ದಕ್ಷಿಣದಲ್ಲಿ 'ಫಾಂಸಿಗಾರ'ರೆಂದು ಕರೆಯುತ್ತಿದ್ದ ಈ ಜನರಿಗೆ ಕನ್ನಡದಲ್ಲಿ 'ತಂತಿ ಕಳ್ಳರು' ಎಂಬ ಹೆಸರಿದೆಯೆಂದು ಅವನು ಗುರುತಿಸಿದ್ದಾನೆ. ತಂತಿಯನ್ನೋ ನರದ ಹುರಿಯನ್ನೋ ಉರುಲಾಗಿ ಬಳಸುವ ಕಳ್ಳರೆಂದು ಅರ್ಥ.

ಷೆರ್ವುಡ್ ಕೊಡುವ ಚಿತ್ರ ಭಯಂಕರವಾದುದು. ಅದರ ಭಯಂಕರತೆ ಅದರ ಸೌಮ್ಯತೆಯಲ್ಲಿದೆ. ಈ ಜನರು ತಮ್ಮ ಊರಿನಲ್ಲಿ ಬೇಸಾಯ ಮಾಡಿಕೊಂಡು ಮರ್ಯಾದಸ್ಥರಂತೆ ಇರುತ್ತಿದ್ದರು. ನೆರೆಹೊರೆಯವರಿಗೆ ಕೇಡು ಮಾಡುತ್ತಿರಲಿಲ್ಲ. ಪಾಳೆಯಗಾರನಿಗೆ ಲೂಟಿಯ ಪಾಲು ಸಂದಾಯವಾಗುತ್ತಿತ್ತು. ಅವನ ರಕ್ಷಣೆ ಇವರಿಗಿತ್ತು. ವರ್ಷಕ್ಕೊಮ್ಮೆ ದೂರದ ಸೀಮೆಗೆ ಹೋಗಿ, ದಾರಿಯಲ್ಲಿ ಸಿಕ್ಕ ಪ್ರಯಾಣಿಕರೊಡನೆ ಸ್ನೇಹ ಬೆಳೆಸಿ, ಜೊತೆಯಲ್ಲಿ ಉಂಡು, ಜೊತೆಯಲ್ಲಿ ನಡೆದು, ನಿರ್ಜನವಾದ ತಾಣದಲ್ಲಿ ಅವರನ್ನು ಮುಗಿಸುತ್ತಿದ್ದರು. ಮಕ್ಕಳನ್ನೂ ಮೊದಮೊದಲು ಏನೂ ತಿಳಿಸದೆ ಕರೆದೊಯ್ದು ಸ್ವಲ್ಪಸ್ವಲ್ಪವಾಗಿ ಕಸುಬಿಗೆ ಪಳಗಿಸುತ್ತಿದ್ದರು. ಕೊಲ್ಲುವ ಗಳಿಗೆ ಬಂದಾಗ ನಾಯಕನ ಬಾಯಿಂದ ಒಂದು ಮಾಮೂಲು ಮಾತು ಹೊರಡುತ್ತಿತ್ತು. ಮಧ್ಯ ಭಾರತದ ಠಕ್ಕರಲ್ಲಿ ಆ ಸಂಕೇತ 'ತಂಬಾಕು ತಾ' ಎಂಬುದಾಗಿತ್ತೆಂದು ಕಥನಗಳು ಹೇಳುತ್ತವೆ. ಹುಣಸೂರಿನ ಹೊಲಗಳ ಅಂಚಿನಲ್ಲಿ ನಿಂತು ಹಸುರೆಲೆಯ ಸಾಲುಗಳನ್ನು ನೋಡುವವನಿಗೆ ಈ ಮಾತು ನೆನಪಾದರೆ ಮೈ ಸ್ವಲ್ಪ ನಡುಗೀತು.

ಇಂಥವರನ್ನು ದಂಡಿಸಲು ಅರಸರು ಪ್ರಯತ್ನಪಡಲಿಲ್ಲವೆಂದಲ್ಲ. ಹೈದರಲಿಯು ಹಲವರನ್ನು ವಿಚಾರಣೆಯ ಗೊಡವೆಯಿಲ್ಲದೆ ಕೊಲ್ಲಿಸಿದನೆಂದೂ, ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿಣ ದುಡಿಮೆ, ಕೆಲವರಿಗೆ ಅಂಗಚ್ಛೇದದ ಶಿಕ್ಷೆಯಾಯಿತೆಂದೂ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ದಾರಿಗಳ್ಳತನಕ್ಕೆ ಮರಣದಂಡನೆ ವಿಧಿಸಿ ಹಲವರನ್ನು ಗಲ್ಲಿಗೇರಿಸಲಾಯಿತೆಂದೂ ಷೆರ್ವುಡ್ ಬರೆಯುತ್ತಾನೆ. ಶಿಕ್ಷೆಗಳು ಕೊಂಬೆಗಳನ್ನು ಕಡಿದುವು, ಬೇರು ಸಿಕ್ಕಲಿಲ್ಲ. ಏಕೆಂದರೆ ಕೊಲೆಯಾದವನು ದೂರದ ಊರಿನವನು, ಅವನಿಗಾಗಿ ಅಳುವವರು ನೂರಾರು ಮೈಲಿ ಆಚೆ, ಹೆಣ ನೆಲದೊಳಗೆ, ನೋಡಿದವರೆಲ್ಲರೂ ಕೊಂದವರೇ. ಸಾಕ್ಷಿ ಹೇಳಬಲ್ಲವನು ಕೊಲೆಗಾರರೊಳಗಿನ ಒಬ್ಬನೇ.

ಆ ಒಬ್ಬನನ್ನು ಮಾತನಾಡಿಸುವ ವಿದ್ಯೆಯನ್ನು ವ್ಯವಸ್ಥಿತವಾಗಿ ಸಾಧಿಸಿದವನು ಮಧ್ಯ ಭಾರತದ ವಿಲಿಯಂ ಸ್ಲೀಮನ್. ೧೮೩೦ರ ಕೊನೆಯ ವೇಳೆಗೆ ಫಿರಂಗಿಯಾ ಎಂಬ ಪ್ರಸಿದ್ಧ ಠಕ್ಕ ನಾಯಕನು ಅವನ ಕೈಗೆ ಸಿಕ್ಕಿದನು. ಅವನನ್ನು ಕಟ್ಟಿಹಾಕಿದ್ದು ಸರಪಳಿಯಲ್ಲ. ಅವನ ತಾಯಿ, ಹೆಂಡತಿ, ಮಗು ಮೊದಲೇ ಸೆರೆಯಲ್ಲಿದ್ದರು. ಅವರನ್ನು ಬಿಟ್ಟು ದೂರ ಓಡಲು ಅವನಿಗೆ ಮನಸ್ಸಾಗಲಿಲ್ಲ. ಪ್ರಾಣಭಿಕ್ಷೆಯ ಮಾತಿಗೆ ಒಪ್ಪಿ ಅವನು ಮಾಫಿಸಾಕ್ಷಿಯಾದನು. ಸಲೋಹ್ದಾ ಎಂಬಲ್ಲಿ ಸ್ಲೀಮನ್ ತನ್ನ ಡೇರೆ ಹಾಕಿಸಿದ್ದ ಮಾವಿನ ತೋಪಿನಲ್ಲೇ ಹೆಣಗಳನ್ನು ಹೂತಿರುವುದಾಗಿ ಹೇಳಿ ಜಾಗ ತೋರಿಸಿದನು. ಅಗೆದಾಗ ಎಲುಬುಗಳು ಎದ್ದು ಬಂದುವು. ಅಂದಿನಿಂದ ಒಬ್ಬನ ಮಾತು ಹತ್ತು ಮಂದಿಯನ್ನು, ಆ ಹತ್ತರಲ್ಲಿ ಒಬ್ಬನ ಮಾತು ಇನ್ನು ಹತ್ತು ಮಂದಿಯನ್ನು ಹಿಡಿಸುತ್ತ ಹೋಯಿತು. ೧೮೩೬ರ ಕಾಯಿದೆಯಂತೆ ಠಕ್ಕರ ತಂಡಕ್ಕೆ ಸೇರಿದ್ದನೆಂಬುದೊಂದೇ ಸಿದ್ಧವಾದರೂ ಜೀವಾವಧಿ ಸೆರೆ. ಆ ಸೇರಿಕೆಯನ್ನು ಸಿದ್ಧಪಡಿಸುತ್ತಿದ್ದುದು ಮಾಫಿಸಾಕ್ಷಿಗಳ ಬೆರಳು.

ಹಾಗಾದರೆ ಆ ಬೆರಳು ತೋರಿದವರೆಲ್ಲರೂ ಕೊಲೆಗಾರರೇ? ತನ್ನ ಕೊರಳನ್ನು ಉಳಿಸಿಕೊಳ್ಳಬೇಕಾದವನು ಹೊಸ ಹೆಸರುಗಳನ್ನು ಹೇಳುತ್ತಲೇ ಇರಬೇಕಾದ ಸ್ಥಿತಿಯಲ್ಲಿ ನಿಜಕ್ಕೂ ಹಗೆಗೂ ಗೆರೆ ಎಳೆಯುವವರಾರು? ಈಚಿನ ಇತಿಹಾಸಕಾರರು ಈ ಸಂಶಯವನ್ನು ಬಲವಾಗಿ ಎತ್ತಿದ್ದಾರೆ. ಠಕ್ಕರ ಬಗೆಗೆ ಲೋಕಕ್ಕೆ ತಿಳಿದಿರುವುದರ ಬಹುಪಾಲು ಮಾಫಿಸಾಕ್ಷಿಗಳ ಬಾಯಿಂದ ಬಂದದ್ದೇ. ಸುರಪುರದ ಇತಿಹಾಸದಲ್ಲಿ ಹೆಸರಾದ ಮೆಡೋಸ್ ಟೇಲರನು ೧೮೩೯ರಲ್ಲಿ ಬರೆದ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಗೂ ಇಂಥ ಹೇಳಿಕೆಗಳೇ ಬಂಡವಾಳ. ಇನ್ನು ಆ ಮಾಫಿಸಾಕ್ಷಿಗಳಿಗೆ ದೊರೆತದ್ದೇನು? ಪ್ರಾಣ ಉಳಿಯಿತು, ಬಿಡುಗಡೆ ದೊರೆಯಲಿಲ್ಲ. ಜಬ್ಬಲಪುರದಲ್ಲಿ ಅವರಿಗಾಗಿ ಕೈಗಾರಿಕಾ ಶಾಲೆ ತೆರೆದು ಡೇರೆ ಹೊಲಿಸಿ, ಜಮಖಾನೆ ನೇಯಿಸಿದರು. ಉರುಲು ಬಿಗಿದ ಕೈಗಳು ನೂಲು ಎಳೆಯುತ್ತ ಅಲ್ಲೇ ಮುಪ್ಪಾದುವು. 'ಠಕ್ಕ' ಎಂಬ ಮಾತು ೧೮೬೦ರ ಭಾರತೀಯ ದಂಡಸಂಹಿತೆಯ ೩೧೦ ಮತ್ತು ೩೧೧ನೆಯ ಕಲಮುಗಳಲ್ಲಿ ಸೇರಿ, ೨೦೨೪ರ ಜುಲೈ ೧ರಂದು ಹೊಸ ನ್ಯಾಯಸಂಹಿತೆ ಜಾರಿಗೆ ಬರುವವರೆಗೂ ಅಲ್ಲೇ ಉಳಿದಿತ್ತು.

ಹುಣಸೂರಿನ ಕಟ್ಟೆಯಲ್ಲಿ

ಹುಣಸೂರಿಗೆ ಮರಳೋಣ. ಅಮೃತಮಹಲ್ ದನಗಳ ಕಾಲದಿಂದ ಸರ್ಕಾರಕ್ಕೆ ಬೇಕಾದ ಊರು ಇದು. ಇಂದು ಉಪವಿಭಾಗದ ಕೇಂದ್ರ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಮುಖ್ಯ ಕಚೇರಿಯೂ ಇಲ್ಲೇ. ಇಂಥ ಊರಿನಲ್ಲಿ ಕಚೇರಿ, ಠಾಣೆ, ನ್ಯಾಯಾಲಯಗಳ ಸುತ್ತ ಸದಾ ಜನ ಸೇರಿರುತ್ತಾರೆ. ಹೊಂಗೆಯ ನೆರಳಿನಲ್ಲಿ ಕುಳಿತ ಹಳ್ಳಿಗರ ಮಾತಿನಲ್ಲಿ 'ಸಾಕ್ಷಿ' ಎಂಬ ಶಬ್ದ ಬಂದಾಗಲೆಲ್ಲ ಧ್ವನಿ ಸ್ವಲ್ಪ ತಗ್ಗುತ್ತದೆ. ಕಣ್ಣಾರೆ ಕಂಡು ಸಾಕ್ಷಿ ನುಡಿಯುವುದೇ ಕಷ್ಟ. ಒಳಗಿದ್ದು ಹೊರಬಂದು ನುಡಿಯುವುದು ಅದಕ್ಕಿಂತ ನೂರು ಪಾಲು ಕಷ್ಟ.

ಕಾನೂನಿಗೂ ಇಂಥವನನ್ನು ಕುರಿತು ಒಂದೇ ಮನಸ್ಸಿಲ್ಲ. ೧೮೭೨ರ ಸಾಕ್ಷ್ಯ ಅಧಿನಿಯಮ ಒಂದು ಕಡೆ, ಸಹಾಪರಾಧಿಯ ಮಾತೊಂದನ್ನೇ ಆಧರಿಸಿ ಶಿಕ್ಷೆ ಕೊಟ್ಟರೆ ಅದು ಕಾನೂನಿಗೆ ವಿರುದ್ಧವಲ್ಲವೆಂದಿತು. ಇನ್ನೊಂದು ಕಡೆ, ಮುಖ್ಯಾಂಶಗಳಲ್ಲಿ ಬೇರೆ ಆಧಾರ ದೊರೆಯದ ಹೊರತು ಅವನು ನಂಬಿಕೆಗೆ ಅರ್ಹನಲ್ಲವೆಂದು ನ್ಯಾಯಾಲಯ ಭಾವಿಸಬಹುದೆಂದಿತು. ನ್ಯಾಯಾಧೀಶರು ಈ ಎರಡನ್ನೂ ಕೂಡಿಸಿ ಓದಿ, ಆಧಾರವನ್ನು ಕೇಳುವುದೇ ಜಾಣತನವೆಂದು ತೀರ್ಮಾನಿಸುತ್ತ ಬಂದರು. ಕ್ಷಮಾದಾನ ಪಡೆದ ಮಾಫಿಸಾಕ್ಷಿ, ಮೊದಲೇ ಜಾಮೀನಿನ ಮೇಲೆ ಹೊರಗಿರದಿದ್ದರೆ, ವಿಚಾರಣೆ ಮುಗಿಯುವ ತನಕ ಸೆರೆಯಲ್ಲೇ ಇರಬೇಕು. ಸತ್ಯವನ್ನು ಮುಚ್ಚಿಟ್ಟನೆಂದು ಕಂಡುಬಂದರೆ ಕ್ಷಮೆ ಹೋಗಿ ಹಳೆಯ ಅಪರಾಧಕ್ಕೇ ವಿಚಾರಣೆ. ೨೦೨೪ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳು ಕಲಮುಗಳ ಸಂಖ್ಯೆಗಳನ್ನು ಬದಲಿಸಿದರೂ ಕ್ಷಮಾದಾನದ ಈ ತಿರುಳನ್ನು ಹಾಗೆಯೇ ಇಟ್ಟುಕೊಂಡಿವೆ. ಪೊಲೀಸರಿಗೆ ಸುದ್ದಿ ಎಲ್ಲಿಂದ ಬಂದಿತೆಂದು ಹೇಳುವಂತೆ ಅವರನ್ನು ಬಲಾತ್ಕರಿಸಬಾರದೆಂಬ ಹಳೆಯ ರಕ್ಷಣೆಯೂ ಮುಂದುವರಿದಿದೆ.

ಇದಾವುದೂ ಹೊಸ ಯೋಚನೆಯಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಕಂಟಕಶೋಧನ'ವೆಂಬ ಅಧಿಕರಣವೇ ಉಂಟು. ಸಿದ್ಧಪುರುಷರ ವೇಷದ ಚಾರರು ಕಳ್ಳತನದ ಆಸೆಯುಳ್ಳವರೊಡನೆ ಸೇರಿ, ಮಂತ್ರವಿದ್ಯೆಯ ನೆಪದಿಂದ ಅವರನ್ನು ನಂಬಿಸಿ, ಕೊನೆಗೆ ಹಿಡಿದುಕೊಡುವ ಉಪಾಯಗಳು ಅಲ್ಲಿ ವಿವರವಾಗಿವೆ. ಆಚಾರ್ಯನು ಚಾರನ ಉಪಯೋಗವನ್ನು ಬಲ್ಲನು; ಅವನ ಮಾತನ್ನು ಪರೀಕ್ಷಿಸದೆ ನಂಬಬಾರದೆಂಬುದನ್ನೂ ಬಲ್ಲನು.

ಖೆಡ್ಡಾದ ನಾಡು

ಹುಣಸೂರಿನಿಂದ ತೆಂಕಣಕ್ಕೆ ಇಳಿದು ಹೆಗ್ಗಡದೇವನಕೋಟೆಯನ್ನು ದಾಟಿದರೆ ಕಾಡಿನ ನೀಲಿಗೆರೆ ಹತ್ತಿರವಾಗುತ್ತದೆ. ಮಾಸ್ತಿಯವರ ನಾಟಕದಿಂದ ಕನ್ನಡಿಗರ ಮನೆಮಾತಾದ ಕಾಕನಕೋಟೆ ಈ ಸೀಮೆಯದು. ಕಪಿಲೆಯ ದಡದ ಈ ಅರಣ್ಯದಲ್ಲೇ ಮೈಸೂರು ಅರಸರ ಕಾಲದ ಪ್ರಸಿದ್ಧ ಖೆಡ್ಡಾಗಳು ನಡೆದುವು. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗುಗಳಿಂದ ಹೊಳೆಯ ಕಡೆಗೆ ಅಟ್ಟಿ, ನೀರು ದಾಟಿಸಿ, ದಿಮ್ಮಿಗಳ ಬೇಲಿಯೊಳಗೆ ಕೂಡುತ್ತಿದ್ದರು. ಆಮೇಲಿನ ಕೆಲಸ ಕುಮ್ಕಿ ಆನೆಗಳದು. ಒಂದು ಕಾಲದಲ್ಲಿ ತಾವೂ ಕಾಡಿನಲ್ಲೇ ಇದ್ದ ಆ ಪಳಗಿದ ಆನೆಗಳು ಮಾವುತನನ್ನು ಹೊತ್ತು ಒಳಕ್ಕೆ ಹೋಗಿ, ಹೊಸದಾಗಿ ಸಿಕ್ಕಿದ ಆನೆಯನ್ನು ಎರಡು ಕಡೆಯಿಂದಲೂ ಒತ್ತಿ ಹಿಡಿಯುತ್ತಿದ್ದುವು. ಆ ಗಳಿಗೆಯಲ್ಲಿ ಕಾಲಿಗೆ ಹಗ್ಗ ಬೀಳುತ್ತಿತ್ತು. ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ೧೯೭೪ರಲ್ಲಿ ಮುಗಿದ ಕಬಿನಿ ಜಲಾಶಯದ ನೀರು ಆ ಹಳೆಯ ತಾಣಗಳನ್ನು ಮುಚ್ಚಿತು. ಬೇಸಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಹುಲ್ಲುಗಾವಲಿಗೆ ಆನೆಗಳು ಹಿಂಡುಹಿಂಡಾಗಿ ಬರುವುದನ್ನು ನೋಡಲು ಇಂದು ದೇಶವಿದೇಶಗಳ ಪ್ರವಾಸಿಗಳು ಸೇರುತ್ತಾರೆ.

ಆನೆಗೆ ದಂತವಿರುವುದರಿಂದಲೂ ಕಾಡಿಗೆ ಗಂಧದ ಮರವಿರುವುದರಿಂದಲೂ ಇಂಥ ಅರಣ್ಯಗಳಿಗೆ ಕಳ್ಳರ ಕಾಟ ತಪ್ಪಿದ್ದಲ್ಲ. ಗಂಧ ಮೈಸೂರಿನಲ್ಲಿ ಟಿಪ್ಪುವಿನ ಕಾಲದಿಂದ ರಾಜವೃಕ್ಷ. ಖಾಸಗಿ ಜಮೀನಿನಲ್ಲಿ ಬೆಳೆದ ಗಂಧದ ಮರ ಜಮೀನಿನ ಒಡೆಯನಿಗೇ ಸೇರುವಂತೆ ಕಾಯಿದೆ ಬದಲಾದದ್ದು ೨೦೦೧ರಲ್ಲಿ. ಕಾಡಿನ ಕಳ್ಳತನ ಒಬ್ಬನ ಕೆಲಸವಲ್ಲ. ಜಾಡು ಬಲ್ಲವನೊಬ್ಬ, ಕೋವಿ ಹಿಡಿದವನೊಬ್ಬ, ಹೊರುವವರು ನಾಲ್ವರು, ಸಾಗಿಸುವವನೊಬ್ಬ, ಪೇಟೆಯಲ್ಲಿ ಕೊಳ್ಳುವವನೊಬ್ಬ. ಮೊದಲಿನವನಿಗೆ ದೊರೆಯುವುದು ಕೂಲಿ; ಕೊನೆಯವನಿಗೆ ದೊರೆಯುವುದು ಐಶ್ವರ್ಯ. ಹಾಗಾಗಿ ಮೊದಲು ಬಾಯಿ ಬಿಡುವವನೂ, ಮೊದಲು ಸಾಯುವವನೂ ಸಾಮಾನ್ಯವಾಗಿ ಆ ಮೊದಲಿನವನೇ. ಕಾಡಿನ ಅಪರಾಧಗಳ ಸುಳಿವು ಕೊಟ್ಟವರಿಗೆ ಬಹುಮಾನ ಕೊಡುವ ಅವಕಾಶ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲೇ ಉಂಟು. ಆದರೆ ಬಹುಮಾನ ಪಡೆದವನು ಮಾರನೆಯ ದಿನ ಅದೇ ಹಾಡಿಯಲ್ಲಿ, ಅದೇ ಹಳ್ಳಿಯಲ್ಲಿ ನೀರು ಸೇದಬೇಕು.

ನಂಬಿಕೆಯೇ ಬಲೆಯಾದಾಗ

ಈ ಮಾತಿನ ಪೂರ್ಣಾರ್ಥ ತಿಳಿಯಬೇಕಾದರೆ ಇದೇ ಜಿಲ್ಲೆಯ ಮೂಡಣ ಅಂಚನ್ನು ನೆನೆಯಬೇಕು. ೧೯೯೭ರವರೆಗೆ ಕೊಳ್ಳೇಗಾಲ, ಚಾಮರಾಜನಗರಗಳೂ ಮೈಸೂರು ಜಿಲ್ಲೆಗೇ ಸೇರಿದ್ದುವು. ಮಲೆ ಮಹದೇಶ್ವರನ ಬೆಟ್ಟದ ಆಚೆ, ಗೋಪಿನಾಥಂ ಗ್ರಾಮದಿಂದ ಹೊರಟ ವೀರಪ್ಪನ್ ದಂತ ಮತ್ತು ಗಂಧದ ಕಳ್ಳಸಾಗಣೆಯಿಂದ ತೊಡಗಿ ಎರಡು ರಾಜ್ಯಗಳ ಸರ್ಕಾರಗಳನ್ನೇ ಕಾಡಿದನು. ಅವನ ಕತೆಯನ್ನು ಸಾಹಸಕಥೆಯೆಂಬಂತೆ ಹೇಳುವವರಿದ್ದಾರೆ. ಸರಿಯಾಗಿ ನೋಡಿದರೆ ಅದು ಮೊದಲಿನಿಂದ ಕೊನೆಯವರೆಗೆ ನಂಬಿಕೆ ಮತ್ತು ನಂಬಿಕೆದ್ರೋಹಗಳ ಕತೆ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ೧೯೮೬ರಲ್ಲಿ ವೀರಪ್ಪನ್‌ನನ್ನು ಸೆರೆಯಲ್ಲಿ ಕಂಡವರು. ಅವನು ಆ ಸೆರೆಯಿಂದ ತಪ್ಪಿಸಿಕೊಂಡನು. ಮುಂದೆ ಶ್ರೀನಿವಾಸ್ ಕೋವಿಯೊಂದರಿಂದಲೇ ಕೆಲಸವಾಗದೆಂದು ಬಗೆದು ಗೋಪಿನಾಥದ ಜನರ ನಡುವೆ ನೆಲಸಿದರು. ಅಲ್ಲಿನ ಕಷ್ಟಸುಖಗಳಲ್ಲಿ ಪಾಲುಗೊಂಡರು. ಊರಿನ ಮಾರಿಯಮ್ಮನ ಗುಡಿಗೆ ನೆರವಾದರು. ತಂಡದ ಹಲವರು ಅವರನ್ನು ನಂಬಿ ಶರಣಾದರು. ಶರಣಾದವರಲ್ಲಿ ವೀರಪ್ಪನ್‌ನ ತಮ್ಮ ಅರ್ಜುನನ್ ಕೂಡ ಒಬ್ಬ. ಅಣ್ಣನೂ ಶರಣಾಗಲು ಒಪ್ಪಿದ್ದಾನೆ, ಆಯುಧವಿಲ್ಲದೆ ಬರಬೇಕು ಎಂಬ ಸುದ್ದಿ ಬಂದಿತು. ೧೯೯೧ರ ನವೆಂಬರ್ ೧೦ರಂದು ಆ ಮಾತನ್ನು ನಂಬಿ ಹೋದ ಶ್ರೀನಿವಾಸ್ ಹತರಾದರು. ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನು ಅರ್ಪಿಸಿತು. ಅವರ ನೆನಪು ಗೋಪಿನಾಥದಲ್ಲಿ ಇನ್ನೂ ಹಸಿಯಾಗಿದೆ.

ಮುಂದಿನ ವರ್ಷವೇ ಇನ್ನೊಂದು ಬಲಿ. ೧೯೯೨ರ ಆಗಸ್ಟ್ ೧೪ರಂದು ಮೈಸೂರು ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹಾಗೂ ಜೊತೆಯ ಪೊಲೀಸರು ಮೀಣ್ಯದ ಕಾಡಿನಲ್ಲಿ ಹೊಂಚುದಾಳಿಗೆ ಸಿಕ್ಕಿ ಪ್ರಾಣ ತೆತ್ತರು. ಕಳ್ಳಸರಕು ಕೊಳ್ಳುವವರ ವೇಷದಲ್ಲಿ ಹೋಗಿ ವೀರಪ್ಪನ್‌ನನ್ನು ಹಿಡಿಯಬೇಕೆಂಬ ಉಪಾಯ ಅವರದು. ಬಾತ್ಮೀದಾರನ ಮೂಲಕ ಅವರು ಹೆಣೆದ ಬಲೆ ಅದೇ ಬಾತ್ಮೀದಾರನ ಮೂಲಕ ಅವರನ್ನೇ ಸುತ್ತಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆಗಳ ಠಾಣೆಗಳೂ ಹರಿಕೃಷ್ಣರ ಅಧೀನದಲ್ಲೇ ಇದ್ದುವಾದ್ದರಿಂದ ಆ ಸುದ್ದಿ ಈ ಸೀಮೆಗೆ ಹೊರಗಿನವರ ಸಾವಿನ ಸುದ್ದಿಯಾಗಿ ಬರಲಿಲ್ಲ.

ಇನ್ನು ಹೆಸರಿಲ್ಲದವರ ಗತಿ. ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಅನುಮಾನದ ಮೇಲೆ ವೀರಪ್ಪನ್ ಅನೇಕ ಹಳ್ಳಿಗರನ್ನು ಕೊಂದನು. ವೀರಪ್ಪನ್‌ಗೆ ಸುದ್ದಿ, ಅಕ್ಕಿ, ಬೇಳೆ ಕೊಟ್ಟರೆಂಬ ಅನುಮಾನದ ಮೇಲೆ ಕಾರ್ಯಾಚರಣೆಯ ಪಡೆಯವರು ಅನೇಕರನ್ನು ಹಿಡಿದೊಯ್ದರು. ಈ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ೨೦೦೭ರಲ್ಲಿ ಆಯೋಗವು ೮೯ ಮಂದಿ ನೊಂದವರಿಗೆ ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ಸಲ್ಲುವಂತೆ ಮಾಡಿತು. ಮೈಸೂರಿನ ವಿಶೇಷ ನ್ಯಾಯಾಲಯವು ೨೦೦೧ರಲ್ಲಿ ತೀರ್ಪು ಕೊಟ್ಟಾಗ, ವರ್ಷಗಟ್ಟಲೆ ಸೆರೆಯಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ನಿರಪರಾಧಿಗಳೆಂದು ಹೊರಬಂದರು. ಹುಲಿಯ ಬಾಯಿಗೂ ಬೇಟೆಗಾರನ ಬಾಣಕ್ಕೂ ನಡುವೆ ಸಿಕ್ಕ ಜಿಂಕೆಯ ಪಾಡೆಂದರೆ ಇದು. 'ಬಾತ್ಮೀದಾರ' ಎಂಬ ಒಂದು ಮಾತು, ಅದು ನಿಜವಾಗಲಿ ಸುಳ್ಳಾಗಲಿ, ಎರಡು ಕಡೆಯಿಂದಲೂ ಮನೆಗಳನ್ನು ಮುರಿಯಿತು.

ಕೊನೆಗೆ ೨೦೦೪ರ ಅಕ್ಟೋಬರ್ ೧೮ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಹತನಾದನು. ಕಣ್ಣಿನ ಚಿಕಿತ್ಸೆಗೆಂದು ಕಾಡಿನಿಂದ ಹೊರಬಂದು ಅವನು ಹತ್ತಿದ ಆಂಬುಲೆನ್ಸ್ ಗಾಡಿಯನ್ನು ನಡೆಸುತ್ತಿದ್ದವನು ಪೊಲೀಸರವನೇ. ಆಪ್ತರೆಂದು ನಂಬಿದವರ ನಡುವೆ ಪೊಲೀಸರ ಕಡೆಯವರು ಮೊದಲೇ ಸೇರಿದ್ದರು. ಶರಣಾಗತಿಯ ಮಾತಿನಿಂದ ಒಬ್ಬ ಸಜ್ಜನನನ್ನು ಬಲಿತೆಗೆದುಕೊಂಡವನು ಹದಿಮೂರು ವರ್ಷಗಳ ಬಳಿಕ ಅಂಥದೇ ನಂಬಿಕೆಯ ಗಾಡಿಯಲ್ಲಿ ಕುಳಿತು ತನ್ನ ಕೊನೆಯನ್ನು ಕಂಡನು.

ಚುಂಚನಕಟ್ಟೆಯ ಮೌನ

ಪ್ರವಾಸದ ಕೊನೆಯ ಹೆಜ್ಜೆ ಕೃಷ್ಣರಾಜನಗರಕ್ಕೆ. ಹಳೆಯ ಎಡತೊರೆಯ ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎದ್ದ ಹೊಸ ಊರು ಇದು. ಅರ್ಕೇಶ್ವರನ ದರ್ಶನ ಮಾಡಿಕೊಂಡು ಮುಂದೆ ಸಾಗಿದರೆ ಚುಂಚನಕಟ್ಟೆ. ಇಲ್ಲಿ ಕಾವೇರಿ ಬಂಡೆಗಳ ನಡುವೆ ಕವಲೊಡೆದು ಧುಮುಕುತ್ತಾಳೆ. ದಡದಲ್ಲಿ ಕೋದಂಡರಾಮನ ಗುಡಿ. ಸೀತಾದೇವಿ ಇಲ್ಲಿ ರಾಮನ ಬಲಗಡೆ ನಿಂತಿರುವುದು ಈ ಗುಡಿಯ ವಿಶೇಷ. ಇನ್ನೊಂದು ವಿಶೇಷವನ್ನೂ ಭಕ್ತರು ತಪ್ಪದೆ ಹೇಳುತ್ತಾರೆ: ಹೊರಗೆ ಅಷ್ಟೊಂದು ಭೋರ್ಗರೆವ ಹೊಳೆಯ ಸದ್ದು ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ.

ರಾಮನ ಎದುರಿನಲ್ಲಿ ನಿಂತವನಿಗೆ ವಿಭೀಷಣನು ನೆನಪಾಗದಿರುವುದು ಹೇಗೆ? ಅಣ್ಣನ ಅಧರ್ಮವನ್ನು ಸಹಿಸದೆ ಲಂಕೆಯನ್ನು ಬಿಟ್ಟು ಬಂದವನು. ಲಂಕೆಯ ಒಳಗುಟ್ಟುಗಳನ್ನು ತಿಳಿಸಿದವನು. ವಾನರರು ಅವನನ್ನು ಸಂಶಯಿಸಿದರು. ರಾಮನು ಅವನಿಗೆ ಅಭಯವಿತ್ತನು. ಭಕ್ತರು ಅವನನ್ನು ಧರ್ಮಾತ್ಮನೆನ್ನುತ್ತಾರೆ. ಆದರೂ ಮಗನಿಗೆ ವಿಭೀಷಣನ ಹೆಸರಿಡುವ ಮನೆ ಕನ್ನಡ ನಾಡಿನಲ್ಲಿ ಹುಡುಕಿದರೂ ಸಿಕ್ಕುವುದು ಕಷ್ಟ. ಅವನಿಂದ ಆದ ಉಪಕಾರವನ್ನು ಜನ ಮರೆತಿಲ್ಲ. ಅವನನ್ನು ಮನೆಯೊಳಗೆ ಕರೆದೂ ಇಲ್ಲ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಮಾತಿನ ಎರಡು ಅಲಗುಗಳೂ ಅವನಿಗೆ ತಾಗುತ್ತವೆ.

ರಾಮಾಯಣದ ಕತೆಯಲ್ಲಿ ಗಮನಿಸಬೇಕಾದ ಮಾತು ಅಭಯದ್ದು. ಶರಣು ಬಂದವನಿಂದ ಸುದ್ದಿ ಪಡೆಯುವ ಮೊದಲೇ ರಾಮನು ಅವನ ರಕ್ಷಣೆಯ ಹೊಣೆ ಹೊತ್ತನು. ನಮ್ಮ ಕಾನೂನು ಈ ಹೊಣೆಯನ್ನು ಸ್ಪಷ್ಟವಾಗಿ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಸಾಕ್ಷಿಗಳ ರಕ್ಷಣಾ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು ಒಪ್ಪಿಗೆಯ ಮುದ್ರೆಯೊತ್ತಿ, ದೇಶದಲ್ಲೆಲ್ಲ ಜಾರಿಗೆ ತರಬೇಕೆಂದು ಆಜ್ಞಾಪಿಸಿದ್ದು ೨೦೧೮ರ ಡಿಸೆಂಬರಿನಲ್ಲಿ. ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ರೂಪಿಸಬೇಕೆಂದು ೨೦೨೪ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯೂ ವಿಧಿಸಿದೆ. ಕಾಗದದ ಮೇಲಿನ ಈ ಅಭಯ ಕಾಡಂಚಿನ ಹಾಡಿಯ ಗುಡಿಸಲಿನವರೆಗೆ ಎಷ್ಟು ಬೇಗ ತಲುಪುತ್ತದೆಂಬುದರ ಮೇಲೆ ಮುಂದಿನ ಅನೇಕ ಪ್ರಾಣಗಳು ನಿಂತಿವೆ.

ಸಂಜೆಯಾಗುತ್ತ ಬಂದಂತೆ ಚುಂಚನಕಟ್ಟೆಯ ಬಂಡೆಗಳ ಮೇಲಿನ ಜನ ಕರಗುತ್ತಾರೆ. ದಡದಲ್ಲಿ ಸೌದೆಯ ಹೊರೆಯನ್ನು ಇಳಿಸಿ ಕುಳಿತ ಮುದುಕನೊಬ್ಬ ತನ್ನ ಕೊಡಲಿಯ ಸಡಿಲಾದ ಕಾವಿಗೆ ಬೆಣೆ ಬಡಿಯುತ್ತಿರುವುದು ಕಾಣುತ್ತದೆ. ವರ್ಷಗಟ್ಟಲೆ ಅವನ ಅಂಗೈಗೆ ಉಜ್ಜಿ ನುಣುಪಾದ ಮರ ಅದು. ಕುಲಕ್ಕೆ ಮೃತ್ಯುವೆಂದು ಗಾದೆ ಅದನ್ನು ಜರೆಯುತ್ತದೆ. ಆದರೆ ಕೊಡಲಿ ಯಾವ ಮರಕ್ಕೆ ಬೀಳಬೇಕೆಂಬುದನ್ನು ಕಾವು ಗೊತ್ತುಮಾಡುವುದಿಲ್ಲ. ಹಿಡಿದ ಕೈ ಗೊತ್ತುಮಾಡುತ್ತದೆ. ಮುದುಕ ಬೆಣೆಯನ್ನು ಬೆರಳಿನಿಂದ ಒಮ್ಮೆ ಅದುಮಿ ನೋಡಿ, ಕೊಡಲಿಯನ್ನು ಹೆಗಲಿಗೇರಿಸಿ, ಹೊರೆಯನ್ನು ತಲೆಗೆತ್ತಿಕೊಂಡು ಊರಿನ ದಾರಿ ಹಿಡಿಯುತ್ತಾನೆ. ಹಿಂದೆ ಕಾವೇರಿ ಭೋರ್ಗರೆಯುತ್ತಲೇ ಇರುತ್ತಾಳೆ. ಗರ್ಭಗುಡಿಯಲ್ಲಿ ದೀಪ ಸದ್ದಿಲ್ಲದೆ ಉರಿಯುತ್ತದೆ.